ವಾರಕ್ಕೆ ಐದು ಪುಟ: ಬ್ರಿಟಿಷ್ ವೈಜ್ಞಾನಿಕ ಮತ್ತು ಭಯಾನಕ ಕಾಮಿಕ್ಸ್‌ನ ಹೊಸ ಪುಸ್ತಕಗಳನ್ನು ಆರಿಸುವುದು, ಓದುವುದು

ಗೆಳೆಯರೇ,

ಬ್ರಿಟನ್ನಿನ ವೈಜ್ಞಾನಿಕ ಮತ್ತು ಭಯಾನಕ ಕಾಮಿಕ್ಸ್‌ನಲ್ಲಿ ಈಚಿನ ವರ್ಷಗಳಲ್ಲಿ ಏನೇನು ಬಂದಿದೆ, ಯಾವುದನ್ನು ಯಾವ ರೂಪದಲ್ಲಿ ಕೊಂಡರೆ ಒಳ್ಳೆಯದು ಅನ್ನುವುದು ಇವತ್ತಿನ ವಿಷಯ. ಹೆಸರುಗಳಿಗೆ ಹೋಗುವ ಮೊದಲು ಒಂದು ಸಣ್ಣ ಲೆಕ್ಕ ಹೇಳಬೇಕು. ಅದು ತಿಳಿಯದೆ ಈ ಪುಸ್ತಕಗಳನ್ನು ಕೈಗೆತ್ತಿಕೊಂಡ ಎಷ್ಟೋ ಜನ ‘ಕಥೆ ಯಾಕೆ ಹೀಗೆ ಏದುಸಿರು ಬಿಡುತ್ತಾ ಓಡುತ್ತದೆ’ ಎಂದು ನಡುವೆಯೇ ಕೈಬಿಡುತ್ತಾರೆ.

‘2000 ಎಡಿ’ ಎಂಬ ಬ್ರಿಟಿಷ್ ಕಾಮಿಕ್ಸ್ ವಾರಪತ್ರಿಕೆ ಶುರುವಾದದ್ದು 1977ರ ಫೆಬ್ರವರಿಯಲ್ಲಿ. ಇವತ್ತಿಗೂ ಬುಧವಾರ ಬುಧವಾರ ಬರುತ್ತಿದೆ. ಸಂಚಿಕೆಗೆ ಅಲ್ಲಿ ‘ಪ್ರೋಗ್’ ಎಂದು ಹೆಸರು. ಮಾಮೂಲಿ ಪ್ರೋಗ್‌ಗೆ 32 ಪುಟ. ಮುಖಪುಟ, ಸಂಪಾದಕರ ಪುಟ, ಜಾಹೀರಾತು ಕಳೆದರೆ ಕಥೆಗೆ ಉಳಿಯುವುದು 26 ಪುಟದ ಆಸುಪಾಸು. ಅದರಲ್ಲಿ ಆರು ಪುಟ ಜಡ್ಜ್ ಡ್ರೆಡ್‌ಗೆ (ಪೊಲೀಸನೂ ನ್ಯಾಯಾಧೀಶನೂ ತಾನೇ ಆಗಿರುವ ಭವಿಷ್ಯದ ‘ಜಡ್ಜ್’ಗಳಲ್ಲಿ ಒಬ್ಬ), ಉಳಿದ ನಾಲ್ಕು ಕಥೆಗಳಿಗೆ ತಲಾ ಐದು. ಅಮೆರಿಕದ ಮಾಸಿಕ ಕಾಮಿಕ್ಸ್ ಒಂದೇ ಕಥೆಗೆ 20ಕ್ಕೂ ಹೆಚ್ಚು ಪುಟ ಕೊಡುತ್ತದೆ. ಇಲ್ಲಿ ಐದೇ ಐದು. ಹನ್ನೆರಡು ವಾರ ನಡೆದ ಧಾರಾವಾಹಿ ಕೊನೆಗೆ 60 ಪುಟದ ಪುಸ್ತಕವಾಗುತ್ತದೆ. ಬ್ರಿಟಿಷ್ ವೈಜ್ಞಾನಿಕ ಕಾಮಿಕ್ಸ್‌ನ ಗುಣ, ದೋಷ, ಅದರ ಭಯ ಹುಟ್ಟಿಸುವ ಬಗೆ, ಸಂಕಲನಗಳಲ್ಲಿ ಕಾಣುವ ತೊಡಕು, ಎಲ್ಲಕ್ಕೂ ಮೂಲ ಈ ಐದು ಪುಟ. ಸುಧಾ, ತರಂಗದಲ್ಲಿ ವಾರವಾರ ಧಾರಾವಾಹಿ ಓದಿ ಬೆಳೆದವರಿಗೆ ಇದರ ಅರ್ಧ ಮರ್ಮ ಆಗಲೇ ಗೊತ್ತಿರುತ್ತದೆ.

ಐದು ಪುಟದಲ್ಲಿ ಕೆಲಸ ಹಂಚಿಕೆಯಾಗುವುದು ಹೀಗೆ. ಮೊದಲ ಪುಟದ ಮೇಲಿನ ಒಂದೆರಡು ಚೌಕಗಳಲ್ಲಿ ಹೋದ ವಾರ ಎಲ್ಲಿ ನಿಂತಿತ್ತು ಎನ್ನುವುದು ನೆನಪಿಗೆ ಬರಬೇಕು. ನಡುವಿನ ಮೂರು ಪುಟದಲ್ಲಿ ಕಥೆ ಒಂದು ಹೆಜ್ಜೆಯಾದರೂ ಮುಂದಿಡಬೇಕು. ಐದನೆಯ ಪುಟದ ಕಡೆಯ ಚೌಕ ಓದುಗನನ್ನು ಮುಂದಿನ ಬುಧವಾರಕ್ಕೆ ಕಟ್ಟಿಹಾಕಬೇಕು. ಪುಟಕ್ಕೆ ಐದಾರು ಚೌಕ ಅಂದರೆ ಕಂತಿಗೆ ಮೂವತ್ತು ಚಿತ್ರವೂ ಸಿಗುವುದಿಲ್ಲ. ಬೇರೆ ಕಡೆ ಮೂರು ಪುಟ ನುಂಗುವ ಹೊಡೆದಾಟ ಇಲ್ಲಿ ನಾಲ್ಕು ಚೌಕದಲ್ಲಿ ಮುಗಿಯುತ್ತದೆ. ಪೀಠಿಕೆಗೆ ಜಾಗವೇ ಇಲ್ಲ, ಲೋಕದ ವಿವರವೆಲ್ಲ ಹಿನ್ನೆಲೆಯ ಫಲಕಗಳಲ್ಲಿ, ಜಾಹೀರಾತುಗಳಲ್ಲಿ, ಪಾತ್ರಗಳು ಬಾಯಿತಪ್ಪಿ ಆಡಿದ ಮಾತಿನಲ್ಲಿ ಬರಬೇಕು. ಡ್ರೆಡ್‌ನ ಮೆಗಾ-ಸಿಟಿ ಒನ್ ಇಷ್ಟು ಜೀವಂತವಾಗಿ ಕಾಣುವುದು ಇದರಿಂದಲೇ. ಆ ನಗರವನ್ನು ಯಾರೂ ಕೂತು ವಿವರಿಸಿಲ್ಲ. ನಲವತ್ತಕ್ಕೂ ಹೆಚ್ಚು ವರ್ಷ ವಾರಕ್ಕೆ ಆರೇಳು ಪುಟದಂತೆ ಅದು ಮೂಲೆಗಳಿಂದ ಬೆಳೆದಿದೆ.

ಈ ಕಂತುಗಳನ್ನು ಪುಸ್ತಕವಾಗಿ ಹೊಲಿದಾಗ ಏನಾಗುತ್ತದೆ ನೋಡಿ. ಐದು ಬೆಸ ಸಂಖ್ಯೆ. ಮೊದಲ ಕಂತು ಬಲಪುಟದಲ್ಲಿ ಶುರುವಾದರೆ ಎರಡನೆಯದು ಎಡಪುಟದಲ್ಲಿ, ಮೂರನೆಯದು ಮತ್ತೆ ಬಲಪುಟದಲ್ಲಿ. ಪುಟ ತಿರುವಿದ ಕೂಡಲೇ ಕಣ್ಣಿಗೆ ಹೊಡೆಯಲಿ ಎಂದು ಬರೆದ ಚಿತ್ರ, ಎರಡನೆಯ ಕಂತಿನಲ್ಲಿ ಎದುರುಪುಟದಲ್ಲೇ ಬಂದು ಕೂರುತ್ತದೆ. ಎಡಪುಟ ಓದುತ್ತಿರುವಾಗಲೇ ಕಣ್ಣಂಚಿಗೆ ರಾಕ್ಷಸ ಸಿಕ್ಕಿಬಿಟ್ಟರೆ ಭಯ ಅಲ್ಲಿಗೆ ಸತ್ತಿತು. ಜೋಡಿಪುಟದ ಚಿತ್ರವಿದ್ದರಂತೂ ಅದು ಎಡಪುಟದಲ್ಲೇ ಆರಂಭವಾಗಬೇಕು, ಇಲ್ಲದಿದ್ದರೆ ಅರ್ಧ ಈ ಹಾಳೆಯ ಮುಂದೆ, ಅರ್ಧ ಹಿಂದೆ. ಸಂಕಲನಗಳಲ್ಲಿ ಕಂತುಗಳ ನಡುವೆ ಒಂದು ಹಳೆಯ ಮುಖಪುಟವೋ ಬಿಡಿ ಚಿತ್ರವೋ ಬರುವುದನ್ನು ನೀವು ಕಂಡಿರಬಹುದು. ಎಷ್ಟೋ ಸಲ ಅದು ಅಲಂಕಾರಕ್ಕೆ ಬಂದದ್ದಲ್ಲ, ಪುಟದ ಎಡಬಲ ಸರಿಮಾಡಲು ಬಂದದ್ದು. ಒಳ್ಳೆಯ ಸಂಕಲನವನ್ನು ಗುರುತಿಸಲು ನಾನು ಮೊದಲು ನೋಡುವುದು ಇದನ್ನೇ.

ಇನ್ನೊಂದು ಪರಿಣಾಮ ಓದುವ ವೇಗಕ್ಕೆ ಸಂಬಂಧಿಸಿದ್ದು. ಐದು ಪುಟಕ್ಕೊಮ್ಮೆ ಎದೆ ಝಲ್ಲೆನಿಸುವ ಕಥೆಯನ್ನು ಒಂದೇ ಬೈಠಕ್ಕಿನಲ್ಲಿ ಓದಿದರೆ ಹತ್ತನೆಯ ಝಲ್ಲಿಗೆ ಮೈ ಮರಗಟ್ಟಿರುತ್ತದೆ. ಹಳೆಯ ಕಥೆಗಳನ್ನು ದಿನಕ್ಕೆ ಮೂರು ಕಂತಿನ ಮೇಲೆ ಓದಬೇಡಿ. ಹೊಸ ತಲೆಮಾರಿನವರು ಸಂಕಲನವನ್ನೂ ಮನಸ್ಸಿನಲ್ಲಿಟ್ಟು ಬರೆಯುವುದರಿಂದ ಅವರ ಪುಸ್ತಕಗಳು ಒಟ್ಟಿಗೆ ಓದಿದರೂ ನಿಲ್ಲುತ್ತವೆ.

ಅಂಥದ್ದರಲ್ಲಿ ಮೊದಲು ಹೆಸರಿಸಬೇಕಾದದ್ದು ‘ಬ್ರಿಂಕ್’. ಡ್ಯಾನ್ ಅಬ್ನೆಟ್ ಬರವಣಿಗೆ, ಐ.ಎನ್.ಜೆ. ಕಲ್ಬರ್ಡ್ ಚಿತ್ರ. 2016ರಲ್ಲಿ ಶುರುವಾಗಿ ಪುಸ್ತಕದ ಮೇಲೆ ಪುಸ್ತಕ ಬರುತ್ತಿದೆ. ಭೂಮಿಯನ್ನು ಬಿಟ್ಟುಬಂದ ಮನುಷ್ಯರು ಬಾಹ್ಯಾಕಾಶದ ಇಕ್ಕಟ್ಟಾದ ವಸತಿನಿಲ್ದಾಣಗಳಲ್ಲಿ ಬದುಕುತ್ತಿದ್ದಾರೆ, ಅಲ್ಲಿ ಗುಪ್ತ ಪಂಥಗಳು ಹುಟ್ಟಿಕೊಳ್ಳುತ್ತಿವೆ, ಬ್ರಿಡ್ಜೆಟ್ ಕರ್ಟಿಸ್ ಎಂಬ ತನಿಖಾಧಿಕಾರಿ ಅವುಗಳ ಬೆನ್ನು ಹತ್ತಿದ್ದಾಳೆ. ಇದರಲ್ಲಿ ರಾಕ್ಷಸ ಕಾಣಿಸುವುದೇ ಇಲ್ಲ ಎನ್ನಬಹುದು. ಇಡೀ ಕಂತು ಇಬ್ಬರು ಎದುರುಬದುರು ಕೂತು ಮಾತಾಡುವುದರಲ್ಲೇ ಕಳೆಯುವುದುಂಟು. ಕಲ್ಬರ್ಡ್ ನೆರಳುಗಳನ್ನು ತೀಡುವುದಿಲ್ಲ, ಚಪ್ಪಟೆ ಬಣ್ಣ ಹಾಕುತ್ತಾರೆ. ಹಳದಿ ಬೆಳಕಿನ ಕಾರಿಡಾರು, ಅದರಾಚೆ ಹಸಿರು ಬೆಳಕಿನ ಇನ್ನೊಂದು ಕಾರಿಡಾರು. ಆ ಬಣ್ಣ ಬದಲಾದ ಕೂಡಲೇ ಏನೋ ಸರಿಯಿಲ್ಲ ಅನ್ನಿಸಿಬಿಡುತ್ತದೆ, ಮಾತು ಇನ್ನೂ ಸಾಮಾನ್ಯ ವಿಷಯದ್ದೇ ಆಗಿದ್ದರೂ. ಎರಡನೆಯ ಪುಸ್ತಕ ‘ಸ್ಕೆಲಿಟನ್ ಲೈಫ್’ ನಡೆಯುವುದು ಇನ್ನೂ ಕಟ್ಟಿ ಮುಗಿಯದ ನಿಲ್ದಾಣದಲ್ಲಿ, ಕಟ್ಟುವ ಕಾರ್ಮಿಕರ ನಡುವೆ. ಬೇಗ ಹೆದರಿಸುವ ಪುಸ್ತಕ ಬೇಕಿದ್ದವರಿಗೆ ಇದು ನಿಧಾನ ಅನ್ನಿಸುತ್ತದೆ. ಆದರೆ ವೈಜ್ಞಾನಿಕ ಕಥೆ ಮತ್ತು ಭಯಾನಕ ಕಥೆ ಎರಡೂ ಒಂದರೊಳಗೊಂದು ಕರಗಿದ ಇಷ್ಟು ಒಳ್ಳೆಯ ಕಾಮಿಕ್ಸ್ ಈ ದಶಕದಲ್ಲಿ ಬ್ರಿಟನ್ನಿನಿಂದ ಇನ್ನೊಂದು ಬಂದಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ. ಮೊದಲ ಪುಸ್ತಕದಿಂದಲೇ ಕ್ರಮವಾಗಿ ಓದಿ. ನಡುವೆ ಹಾರಿದರೆ ಸೂಚನೆಗಳು ಕೈತಪ್ಪುತ್ತವೆ.

ಅಬ್ನೆಟ್ ಅವರದ್ದೇ ‘ದಿ ಔಟ್’ ಇದಕ್ಕೆ ತದ್ವಿರುದ್ಧ. ಚಿತ್ರ ಮಾರ್ಕ್ ಹ್ಯಾರಿಸನ್. ಮಾತಾಡುವ ಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು ದೂರದ ಲೋಕಗಳನ್ನು ಅಲೆಯುವ ಸಿಡ್ ಫಿನ್ಲಿ ಎಂಬ ಛಾಯಾಗ್ರಾಹಕಿಯ ಕಥೆ. ಹ್ಯಾರಿಸನ್ ಪುಟದ ಮೂಲೆಮೂಲೆಯನ್ನೂ ಬಣ್ಣದಿಂದ ತುಂಬುತ್ತಾರೆ, ಹಾಗಾಗಿ ಇದನ್ನು ಫೋನಿನ ಪರದೆಯಲ್ಲಿ ಓದಿದರೆ ದುಡ್ಡು ದಂಡ.

ಹಳ್ಳಿಯ ಭಯ ಬೇಕಿದ್ದರೆ ‘ಥಿಸಲ್‌ಬೋನ್’. 2019ರಲ್ಲಿ ಮೊದಲ ಕಥೆ ಬಂತು. ಟಿ.ಸಿ. ಎಗ್ಲಿಂಗ್ಟನ್ ಬರೆದು ಸೈಮನ್ ಡೇವಿಸ್ ಚಿತ್ರಿಸಿದ್ದು. ಚಿಕ್ಕಂದಿನಲ್ಲಿ ಕಾಡಿನ ಪಂಥವೊಂದರ ಕೈಯಿಂದ ಪಾರಾದ ಏವ್ರಿಲ್ ಎಂಬವಳು ಪತ್ರಕರ್ತೆ ಸೀಮಾ ಚೌಧರಿಯ ಜೊತೆ ಅದೇ ಊರಿಗೆ ಮರಳುತ್ತಾಳೆ. ಡೇವಿಸ್ ವ್ಯಕ್ತಿಚಿತ್ರ ಬರೆಯುವುದರಲ್ಲಿ ಹೆಸರಾದ ಕಲಾವಿದ. ಅದರ ಲಾಭ ಇಲ್ಲಿ ಕಾಣುತ್ತದೆ. ಸುತ್ತಲ ಜನರ ಮುಖಗಳು ಅಷ್ಟು ಮಾಮೂಲಿ, ಅಷ್ಟು ನಿಜ, ಆದ್ದರಿಂದಲೇ ಅವರು ಎಲುಬಿನ ಮುಖವಾಡ ಹಾಕಿದಾಗ ಒಳಗಿನ ಮುಖ ಯಾರದ್ದು ಎಂಬ ಪ್ರಶ್ನೆ ಕಾಡುತ್ತದೆ. ಕಾಡು ಕತ್ತಲೆಯದ್ದಲ್ಲ, ಹಗಲಿನದು. ಹೀಗೆ ಕುಂಚದಲ್ಲಿ ಬರೆದ ಪುಟಗಳು ವಾರಕ್ಕೆ ಐದರಂತೆ ಯಾರ ಕೈಯಲ್ಲೂ ಆಗುವುದಿಲ್ಲ. ಅದಕ್ಕೇ ಇಂಥ ಕಥೆಗಳು ತಿಂಗಳುಗಟ್ಟಲೆ ಮೊದಲೇ ತಯಾರಾಗಿ, ಹತ್ತು ಹನ್ನೆರಡು ಕಂತು ನಡೆದು ನಿಂತುಬಿಡುತ್ತವೆ. ಮುಂದಿನ ಭಾಗಕ್ಕೆ ವರ್ಷ, ಎರಡು ವರ್ಷ. ‘ಕಥೆ ನಿಂತುಹೋಯಿತೇ’ ಎಂದು ಗಾಬರಿಯಾಗಬೇಡಿ, ಪತ್ರಿಕೆಯ ನಡೆಯೇ ಹಾಗೆ.

ಇನ್ನೂ ಕಠೋರವಾದದ್ದು ಬೇಕಾದವರಿಗೆ ಕೆಕ್-ಡಬ್ಲ್ಯೂ ಮತ್ತು ಡೇವ್ ಕೆಂಡಲ್ ಅವರ ‘ದಿ ಫಾಲ್ ಆಫ್ ಡೆಡ್‌ವರ್ಲ್ಡ್’ ಇದೆ. ಅಪರಾಧ ಮಾಡುವವರೆಲ್ಲ ಬದುಕಿರುವವರೇ, ಆದ್ದರಿಂದ ಬದುಕೇ ಅಪರಾಧ ಎನ್ನುವ, ಡ್ರೆಡ್‌ನ ವೈರಿ ಜಡ್ಜ್ ಡೆತ್‌ನನ್ನು ಜಾನ್ ವ್ಯಾಗ್ನರ್ ಮತ್ತು ಬ್ರಯಾನ್ ಬೋಲಂಡ್ 1980ರಲ್ಲಿ ಸೃಷ್ಟಿಸಿದರು. ಅವನ ಲೋಕ ಹೇಗೆ ಕೊಳೆತುಹೋಯಿತು ಎನ್ನುವುದೇ ಈ ಪುಸ್ತಕ. ಕೆಂಡಲ್ ಚಿತ್ರಗಳು ಬಹಳ ಕಪ್ಪು, ಅಗ್ಗದ ಪರದೆಯಲ್ಲಿ ಬರೀ ಮಸಿಯಾಗಿ ಕಾಣುತ್ತವೆ. ಕಾಗದದ ಮೇಲೆ ಓದುವುದೇ ಒಳ್ಳೆಯದು.

ಡ್ರೆಡ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಹೊಸಬರು ಎಡವುವುದು ಅಲ್ಲೇ. ಆ ಕಥೆಯಲ್ಲಿ ಕಾಲ ನಮ್ಮ ಕಾಲದ ಜೊತೆಗೇ ನಡೆಯುತ್ತದೆ. ನಮ್ಮ ವರ್ಷಕ್ಕೆ 122 ಕೂಡಿಸಿದರೆ ಅಲ್ಲಿನ ವರ್ಷ. 2024ರಲ್ಲಿ ಬಂದ ಕಥೆ 2146ರದ್ದು. ಡ್ರೆಡ್‌ಗೂ ವಯಸ್ಸಾಗಿದೆ, ಹಳೆಯ ತಪ್ಪುಗಳು ಬೆನ್ನಿಗಿವೆ. ‘ಕಂಪ್ಲೀಟ್ ಕೇಸ್ ಫೈಲ್ಸ್’ ಎಂಬ ದಪ್ಪ ಸಂಪುಟಗಳು 2005ರಿಂದ ಬರುತ್ತಿವೆ, ಎಲ್ಲವೂ ಕಾಲಾನುಕ್ರಮದಲ್ಲಿವೆ. ಒಂದನೆಯ ಸಂಪುಟದಿಂದ ಶುರುಮಾಡಿದವರು ಸಾಮಾನ್ಯವಾಗಿ ಅಲ್ಲೇ ನಿಲ್ಲುತ್ತಾರೆ. ಆ ಹೊತ್ತಿಗೆ ಬರೆಯುವವರಿಗೇ ಲೋಕದ ಅಂದಾಜು ಸಿಕ್ಕಿರಲಿಲ್ಲ. ಐದನೆಯ ಸಂಪುಟ ಹಿಡಿಯಿರಿ. 1982ರ ‘ಅಪೋಕಲಿಪ್ಸ್ ವಾರ್’ ಅದರಲ್ಲಿದೆ. ಅದಾದ ಮೇಲೆ 1990ರಲ್ಲಿ ಡ್ರೆಡ್ ಹೆಸರಿನ ‘ಮೆಗಾಜೀನ್’ ಮಾಸಿಕದ ಜೊತೆಗೇ ಹುಟ್ಟಿದ ‘ಅಮೆರಿಕಾ’ ಎಂಬ ಕಥೆ. ಈ ಎರಡು ಓದಿದ್ದರೆ ಹೊಸದಕ್ಕೆ ಬರಲು ಸಾಕು.

ಹೊಸದು ಅಂದರೆ ‘ಎ ಬೆಟರ್ ವರ್ಲ್ಡ್’. 2024ರ ಆರಂಭದ ಪ್ರೋಗ್‌ಗಳಲ್ಲಿ ಬಂದದ್ದು. ಬರೆದವರು ರಾಬ್ ವಿಲಿಯಮ್ಸ್ ಮತ್ತು ಆರ್ಥರ್ ವಯಟ್, ಚಿತ್ರ ಹೆನ್ರಿ ಫ್ಲಿಂಟ್. ಲೆಕ್ಕಪತ್ರ ನೋಡುವ ಮೇಟ್ಲಂಡ್ ಎಂಬ ಜಡ್ಜ್ ಒಂದು ಪ್ರಯೋಗಕ್ಕೆ ಇಳಿಯುತ್ತಾಳೆ. ಜಡ್ಜ್‌ಗಳಿಗೆ ಸುರಿಯುವ ಹಣದಲ್ಲಿ ಒಂದು ಭಾಗವನ್ನು ಶಿಕ್ಷಣಕ್ಕೂ ಜನರ ಆರೈಕೆಗೂ ತಿರುಗಿಸಿದರೆ ಅಪರಾಧ ಇಳಿಯುತ್ತದೆಯೇ? ಬಂದೂಕಿನ ಕಥೆಯ ನಡುವೆ ಬಜೆಟ್ಟಿನ ಅಂಕಿಗಳು ಎದೆ ಹೊಡೆದುಕೊಳ್ಳುವಂತೆ ಮಾಡುವುದು ಸಣ್ಣ ಸಾಧನೆಯಲ್ಲ. ಮುಂದೇನಾಗುತ್ತದೆ ಎಂದು ಹೇಳುವುದಿಲ್ಲ. ಪೊಲೀಸ್ ರಾಜ್ಯವನ್ನು ಆಡಿಕೊಳ್ಳಲೆಂದೇ ಹುಟ್ಟಿದ ಪಾತ್ರವನ್ನು ಬರೀ ಹೀರೊ ಎಂದುಕೊಂಡು ಓದುವವರು ಇದನ್ನು ಓದಲೇಬೇಕು.

ಗಾರ್ತ್ ಎನ್ನಿಸ್ ಮತ್ತು ಪ್ಯಾಟ್ರಿಕ್ ಗೊಡಾರ್ಡ್ ಅವರ ‘ರೋಗ್ ಟ್ರೂಪರ್: ಬ್ಲೈಟಿ ವ್ಯಾಲಿ’ ಕೂಡ ಇದೇ ಹೊತ್ತಿನದು. 1981ರಲ್ಲಿ ಹುಟ್ಟಿದ ನೀಲಿ ಮೈಯ ಸೈನಿಕನ ಎದುರಿಗೆ ಮೊದಲ ಮಹಾಯುದ್ಧದ ಬ್ರಿಟಿಷ್ ಸಿಪಾಯಿಗಳು ಬಂದು ನಿಲ್ಲುತ್ತಾರೆ. ಒಂದೇ ಪುಸ್ತಕದಲ್ಲಿ ಮುಗಿಯುತ್ತದೆ, ಹಿನ್ನೆಲೆ ಏನೂ ಬೇಡ. ಮೊದಲ ಸಲ ಓದುವ ಸ್ನೇಹಿತರಿಗೆ ಉಡುಗೊರೆ ಕೊಡಲು ಇದು ಸರಿ.

ಈಗ ಮರುಮುದ್ರಣಗಳ ಕಡೆ ಬರೋಣ. ಬ್ರಿಟಿಷ್ ಭಯಾನಕ ಕಾಮಿಕ್ಸ್‌ನಲ್ಲಿ ‘ಹೊಸ ಬಿಡುಗಡೆ’ ಅಂದರೆ ಬಹುಪಾಲು ಹಳೆಯದು ಮೊದಲ ಸಲ ಪುಸ್ತಕವಾಗುವುದು. ಅದು ಯಾಕೆ ಇಷ್ಟು ಕಾಲ ಹುದುಗಿ ಕೂತಿತ್ತು ಎನ್ನುವುದಕ್ಕೆ ಒಂದು ಕಾನೂನಿನ ಕಥೆ ಇದೆ. 1954ರ ಸೆಪ್ಟೆಂಬರಿನಲ್ಲಿ ಗ್ಲಾಸ್ಗೋದ ಗೋರ್ಬಲ್ಸ್ ಬಡಾವಣೆಯಲ್ಲಿ ನೂರಾರು ಮಕ್ಕಳು ಚಾಕು, ಕೋಲು ಹಿಡಿದು ದೊಡ್ಡ ಸ್ಮಶಾನಕ್ಕೆ ನುಗ್ಗಿದರು. ಕಬ್ಬಿಣದ ಹಲ್ಲಿನ, ಏಳಡಿ ಎತ್ತರದ ರಕ್ತಪಿಶಾಚಿ ಇಬ್ಬರು ಹುಡುಗರನ್ನು ತಿಂದಿದೆ ಎಂಬ ಗುಲ್ಲು. ಯಾವ ಹುಡುಗನೂ ಕಾಣೆಯಾಗಿರಲಿಲ್ಲ. ಪತ್ರಿಕೆಗಳೂ ರಾಜಕಾರಣಿಗಳೂ ಅಮೆರಿಕದ ಭಯಾನಕ ಕಾಮಿಕ್ಸನ್ನು ದೂರಿದರು. ಕಬ್ಬಿಣದ ಹಲ್ಲಿನ ದೆವ್ವ ಆ ಊರಿನ ಶಾಲೆಗಳಲ್ಲಿ ಓದಿಸುತ್ತಿದ್ದ ಪದ್ಯದಲ್ಲೇ ಇತ್ತು, ಆದರೆ ಅದನ್ನು ಕೇಳುವವರಿರಲಿಲ್ಲ. ಆಗಲೇ ಬಿಸಿಯಾಗಿದ್ದ ಚಳವಳಿಗೆ ತುಪ್ಪ ಸುರಿದಂತಾಗಿ 1955ರಲ್ಲಿ ಮಕ್ಕಳಿಗೆ ಹಾನಿಕರವಾದ ಚಿತ್ರಕಥೆಗಳನ್ನು ತಡೆಯುವ ಕಾಯ್ದೆ ಬಂತು. ಅದರಡಿ ಮೊಕದ್ದಮೆ ಹೂಡಿದ್ದು ತೀರಾ ಅಪರೂಪ. ಆದರೆ ಪ್ರಕಾಶಕರು ತಾವಾಗಿಯೇ ಬಾಯಿಗೆ ಬೀಗ ಹಾಕಿಕೊಂಡರು.

ಬೀಗ ಮುರಿಯಲು ಹೋದದ್ದು 1976ರ ‘ಆಕ್ಷನ್’. ಅದನ್ನು ರೂಪಿಸಿದವರು ಪ್ಯಾಟ್ ಮಿಲ್ಸ್. ಮನುಷ್ಯರನ್ನು ನುಂಗುವ ಶಾರ್ಕ್ ಅದರ ಜನಪ್ರಿಯ ‘ನಾಯಕ’. ಪತ್ರಿಕೆ, ಟಿವಿಗಳಲ್ಲಿ ಗದ್ದಲವೆದ್ದು ಆ ಅಕ್ಟೋಬರಿನಲ್ಲಿ ಸಂಚಿಕೆಯೊಂದನ್ನು ಮಾರಾಟಕ್ಕೆ ಬಿಡದೆ ನಾಶಮಾಡಿದರು. ಮರಳಿ ಬಂದಾಗ ಅದರ ಹಲ್ಲು ಕಿತ್ತಿತ್ತು. ನಾಲ್ಕು ತಿಂಗಳಲ್ಲಿ ಅದೇ ಮಿಲ್ಸ್ ಅದೇ ಸಂಸ್ಥೆಯಿಂದ ‘2000 ಎಡಿ’ ತಂದರು. ಸಾಯುವವನು ರೋಬೋ ಆದರೆ, ಕೊಲ್ಲುವುದು ಡೈನೋಸಾರ್ ಆದರೆ, ನಡೆಯುವುದು ಮುಂದಿನ ಶತಮಾನದಲ್ಲಾದರೆ ಆಕ್ಷೇಪಕ್ಕೆ ಎಡೆ ಕಡಿಮೆ. ಭಯಾನಕ ಕಥೆ ವೈಜ್ಞಾನಿಕ ಕಥೆಯ ಅಂಗಿ ತೊಟ್ಟದ್ದು ಹೀಗೆ. ಬ್ರಿಟನ್ನಿನಲ್ಲಿ ಈ ಎರಡು ಪ್ರಕಾರಗಳನ್ನು ಬೇರೆಬೇರೆ ಕಪಾಟಿನಲ್ಲಿ ಇಡಲಾಗದಿರುವುದಕ್ಕೆ ಇದೂ ಒಂದು ಕಾರಣ.

ನೇರವಾಗಿ ಭಯಾನಕ ಎಂದು ಹೇಳಿಕೊಂಡು ಬಂದವು ಎರಡು. 1978ರಿಂದ 1980ರವರೆಗೆ ಹುಡುಗಿಯರಿಗಾಗಿ ‘ಮಿಸ್ಟಿ’, 1984ರಲ್ಲಿ ‘ಸ್ಕ್ರೀಮ್!’. ಎರಡನೆಯದು ಹದಿನೈದೇ ವಾರ ಬದುಕಿತು. ಅದರಲ್ಲಿದ್ದ ‘ದಿ ಥರ್ಟೀಂತ್ ಫ್ಲೋರ್’ ಇವತ್ತು ಓದಿದರೆ ನಿನ್ನೆ ಬರೆದಂತಿದೆ. ಮೂಢನಂಬಿಕೆಯಿಂದಾಗಿ ಹದಿಮೂರನೆಯ ಮಹಡಿಯೇ ಇಲ್ಲದ ವಸತಿ ಕಟ್ಟಡ. ಅದನ್ನು ನೋಡಿಕೊಳ್ಳುವ ಮ್ಯಾಕ್ಸ್ ಎಂಬ ಕಂಪ್ಯೂಟರ್ ಬಾಡಿಗೆದಾರರನ್ನು ಮಕ್ಕಳಂತೆ ಪ್ರೀತಿಸುತ್ತದೆ. ಅವರನ್ನು ಪೀಡಿಸುವ ಸಾಲ ವಸೂಲಿಯವನು, ಪುಂಡ, ಯಾರೇ ಲಿಫ್ಟ್ ಹತ್ತಿದರೂ ಅದು ಇಲ್ಲದ ಮಹಡಿಯಲ್ಲಿ ಹೋಗಿ ನಿಲ್ಲುತ್ತದೆ, ಬಾಗಿಲು ತೆರೆದರೆ ಅವರವರ ಭಯ ಎದುರಿಗೆ. ಬರೆದವರು ವ್ಯಾಗ್ನರ್ ಮತ್ತು ಅಲನ್ ಗ್ರಾಂಟ್, ಗುಪ್ತನಾಮದಲ್ಲಿ. ಚಿತ್ರ ಸ್ಪೇನಿನ ಹೊಸೆ ಒರ್ಟಿಸ್. ಡ್ರೆಡ್‌ನ ರೂಪ ಕೊಟ್ಟ ಕಾರ್ಲೋಸ್ ಎಸ್ಕೆರಾ ಕೂಡ ಸ್ಪೇನಿನವರೇ. ಬ್ರಿಟಿಷ್ ಎಂದು ನಾವು ಕರೆಯುವ ಕಾಮಿಕ್ಸ್‌ನ ಕಪ್ಪುಬಿಳುಪಿನ ದೊಡ್ಡ ಪಾಲು ಸ್ಪೇನಿನ ಕೈಗಳದ್ದು, ಇದನ್ನು ಮರೆಯಬಾರದು.

ಇವೆಲ್ಲ ಮತ್ತೆ ಸಿಗುವಂತಾದದ್ದು ಆಕ್ಸ್‌ಫರ್ಡಿನ ರೆಬೆಲಿಯನ್ ಎಂಬ ವಿಡಿಯೊ ಗೇಮ್ ಸಂಸ್ಥೆಯಿಂದ. 2000ದಲ್ಲಿ ಅದು ‘2000 ಎಡಿ’ಯನ್ನು ಕೊಂಡಿತು, 2016ರಲ್ಲಿ ಫ್ಲೀಟ್‌ವೇ ಎಂಬ ಹಳೆಯ ಕಾಮಿಕ್ಸ್ ಪ್ರಕಾಶನದ 1970ರ ನಂತರದ ಭಂಡಾರವನ್ನು, 2018ರಲ್ಲಿ ಅದಕ್ಕಿಂತ ಹಳೆಯದನ್ನು. ‘ಟ್ರೆಶರಿ ಆಫ್ ಬ್ರಿಟಿಷ್ ಕಾಮಿಕ್ಸ್’ ಎಂಬ ಮಾಲೆಯಲ್ಲಿ ‘ಮಿಸ್ಟಿ’ಯ ‘ಮೂನ್‌ಚೈಲ್ಡ್’, ‘ಥರ್ಟೀಂತ್ ಫ್ಲೋರ್’, ‘ಟ್ರಿಗನ್ ಎಂಪೈರ್’ ಎಲ್ಲ ಬಂದಿವೆ. ದಕ್ಷಿಣ ಭಾರತದ ಓದುಗರಿಗೆ ಹತ್ತಿರದ್ದೊಂದು ಇದೆ: 1962ರಲ್ಲಿ ‘ವೇಲಿಯಂಟ್’ ಪತ್ರಿಕೆಯಲ್ಲಿ ಶುರುವಾದ ‘ದಿ ಸ್ಟೀಲ್ ಕ್ಲಾ’. ವಿದ್ಯುತ್ ಹರಿದಾಗ ಮೈಯೆಲ್ಲ ಮಾಯವಾಗಿ ಉಕ್ಕಿನ ಕೈಯೊಂದೇ ಕಾಣುವ ಆ ಮನುಷ್ಯನನ್ನು ಪಕ್ಕದ ತಮಿಳುನಾಡು ‘ಇರುಂಬುಕ್ಕೈ ಮಾಯಾವಿ’ ಎಂದು 1972ರಿಂದ ಬಲ್ಲದು. ಮುತ್ತು ಕಾಮಿಕ್ಸ್‌ನ ಮೊದಲ ಸಂಚಿಕೆಯೇ ಅವನದು. ಹೆಸುಸ್ ಬ್ಲಾಸ್ಕೊ ಬರೆದ ಆ ಪುಟಗಳ ಇಂಗ್ಲಿಷ್ ಸಂಕಲನ 2021ರಲ್ಲಿ ಬಂತು.

ಮರುಮುದ್ರಣ ಕೊಳ್ಳುವಾಗ ಅಚ್ಚಿನ ಗುಣ ನೋಡಲೇಬೇಕು. ಆ ಕಾಲದಲ್ಲಿ ಮೂಲಚಿತ್ರವನ್ನು ಪ್ರಕಾಶಕರು ಕಲಾವಿದರಿಗೆ ಮರಳಿಸುತ್ತಿರಲಿಲ್ಲ, ಎಷ್ಟೋ ಕಳೆದುಹೋಗಿವೆ. ಹಾಗಾಗಿ ಹಳೆಯ ಸಂಚಿಕೆಯನ್ನೇ ಸ್ಕ್ಯಾನ್ ಮಾಡಬೇಕು. ತೆಳು ನ್ಯೂಸ್‌ಪ್ರಿಂಟಿನಲ್ಲಿ ಹಿಂದಿನ ಪುಟದ ಮಸಿ ಮುಂದಕ್ಕೆ ಇಣುಕುತ್ತದೆ. ಹಾಳೆಯ ಬೆನ್ನಿಗೆ ಕಪ್ಪು ಕಾಗದ ಇಟ್ಟು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಬೂದುಛಾಯೆಯಾಗಿ ಸ್ಕ್ಯಾನ್ ಮಾಡಿದರೆ ಆ ಇಣುಕು ಬಹಳ ಮಟ್ಟಿಗೆ ತಗ್ಗುತ್ತದೆ. ಆಮೇಲೆ ಹಳದಿಯಾದ ಕಾಗದವನ್ನು ಬಿಳಿಗೆ ಎಳೆಯಬೇಕು. ಇಲ್ಲಿ ಅತಿಯಾಸೆ ಮಾಡಿದರೆ ಕೂದಲೆಳೆಯ ಗೆರೆಗಳು ಹಾರಿಹೋಗುತ್ತವೆ, ಕಡಿಮೆ ಮಾಡಿದರೆ ಕಪ್ಪು ಬೂದಿಯಾಗಿ ಉಳಿಯುತ್ತದೆ. ಅಂಗಡಿಯಲ್ಲಿ ಪುಸ್ತಕ ತೆರೆದು ಒಂದು ಮುಖದ ಕಣ್ಣಿನ ಸುತ್ತಲ ಗೆರೆಗಳನ್ನು ನೋಡಿ. ಅವು ತುಂಡುತುಂಡಾಗಿದ್ದರೆ ಅಥವಾ ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದರೆ ಸ್ಕ್ಯಾನ್ ಕೆಟ್ಟಿದೆ.

ಇನ್ನೊಂದು ಸಮಸ್ಯೆ ನಡುಪುಟದ್ದು. ಮೊದಲ ವರ್ಷಗಳ ‘2000 ಎಡಿ’ಯಲ್ಲಿ ಮಧ್ಯದ ಜೋಡಿಪುಟಕ್ಕೆ ಬಣ್ಣ ಇರುತ್ತಿತ್ತು, ಸುತ್ತಲಿನವು ಕಪ್ಪುಬಿಳುಪು. ಕೇಸ್ ಫೈಲ್ಸ್‌ನ ಆರಂಭದ ಸಂಪುಟಗಳಲ್ಲಿ ಆ ಬಣ್ಣದ ಪುಟಗಳನ್ನೂ ಕಪ್ಪುಬಿಳುಪಿನಲ್ಲೇ ಅಚ್ಚುಹಾಕಿದ್ದಾರೆ. ಕೆಂಪೂ ನೀಲಿಯೂ ಒಂದೇ ಬೂದುಬಣ್ಣವಾಗಿ ಚಿತ್ರ ಕೆಸರಾಗುತ್ತದೆ. ಸಾಲದ್ದಕ್ಕೆ ದಪ್ಪ ಪುಸ್ತಕದ ಅಂಟುಬೈಂಡಿಂಗ್ ನಡುವಿನ ಬೆರಳಗಲ ಚಿತ್ರವನ್ನು ನುಂಗುತ್ತದೆ. ಮಿಲ್ಸ್ ಮತ್ತು ಕೆವಿನ್ ಓನೀಲ್ ಅವರ ‘ನೆಮೆಸಿಸ್ ದಿ ವಾರ್ಲಾಕ್’ ಈಚೆಗೆ ‘ಡೆಫಿನಿಟಿವ್’ ಆವೃತ್ತಿಯಾಗಿ ಬಂದಾಗ ಬಣ್ಣದ ಪುಟಗಳು ಬಣ್ಣದಲ್ಲೇ ಮರಳಿದವು. ಓನೀಲ್ ಅವರ ಮುಳ್ಳುಮುಳ್ಳಾದ ಗೆರೆಯನ್ನು ಇಷ್ಟು ಸ್ಪಷ್ಟವಾಗಿ ಕಾಣುವ ಅವಕಾಶಕ್ಕೆ ಎರಡನೆಯ ಸಲ ದುಡ್ಡು ಕೊಟ್ಟರೂ ತಪ್ಪಿಲ್ಲ. ‘ಏಪೆಕ್ಸ್’ ಆವೃತ್ತಿಗಳು ಇನ್ನೂ ಮುಂದೆ ಹೋಗುತ್ತವೆ. ಸಿಕ್ಕಿರುವ ಮೂಲಚಿತ್ರಗಳನ್ನು ಮೂಲದ ಅಳತೆಯಲ್ಲೇ, ಬಿಳಿಮಸಿಯ ತಿದ್ದುಪಡಿ, ಅಂಟಿಸಿದ ಮಾತಿನ ಗುಳ್ಳೆ, ಅಂಚಿನ ಪೆನ್ಸಿಲ್ ಟಿಪ್ಪಣಿ ಸಮೇತ ಅಚ್ಚುಹಾಕುತ್ತಾರೆ. ಚಿತ್ರ ಬರೆಯುವವರಿಗೆ ಅದು ಪಾಠದ ಪುಸ್ತಕ. ಬರೀ ಕಥೆ ಬೇಕಾದವರಿಗೆ ಭಾರ.

ಹಳೆ ಪುಸ್ತಕದ ಅಂಗಡಿಯಲ್ಲಿ ಅಮೆರಿಕದ ಅಳತೆಯ, 1980ರ ದಶಕದ ಬಣ್ಣದ ಡ್ರೆಡ್ ಸಿಕ್ಕರೆ ಒಂದು ನಿಮಿಷ ಯೋಚಿಸಿ. ಬ್ರಿಟಿಷ್ ಪುಟ ಹೆಚ್ಚು ಅಗಲ, ಅಮೆರಿಕದ್ದು ಕಿರಿದು. ಕೂರಿಸುವುದಕ್ಕೆಂದು ಕೆಲವು ಸಂಚಿಕೆಗಳಲ್ಲಿ ಚಿತ್ರವನ್ನೇ ಉದ್ದಕ್ಕೆ ಎಳೆದಿದ್ದಾರೆ. ಎಲ್ಲರ ಮುಖವೂ ನೀಳವಾಗಿ ಕಂಡರೆ ಅದು ಕಲಾವಿದನ ಶೈಲಿಯಲ್ಲ.

ಇಲ್ಲಿ ಕೂತು ವಾರವಾರ ಓದುವವರಿಗೆ ಡಿಜಿಟಲ್ ಪ್ರತಿಯೇ ವಾಸಿ. ಅಂಚೆಯಲ್ಲಿ ಬರುವ ಪ್ರೋಗ್ ತಡವಾಗುತ್ತದೆ, ಮಡಚಿಯೂ ಇರುತ್ತದೆ. ಪ್ರಕಾಶಕರ ಆನ್‌ಲೈನ್ ಅಂಗಡಿಯಲ್ಲೇ ಪಿಡಿಎಫ್ ಮತ್ತು ಸಿಬಿಝೆಡ್ ಎರಡೂ ಬೀಗವಿಲ್ಲದೆ ಸಿಗುತ್ತವೆ, ಇಳಿಸಿಕೊಂಡ ಕಡತ ನಿಮ್ಮದೇ. ಸಿಬಿಝೆಡ್ ಅಂದರೆ ಪುಟಗಳ ಚಿತ್ರಗಳನ್ನು ಕಟ್ಟಿದ ಝಿಪ್ ಅಷ್ಟೇ, ಯಾವ ಕಾಮಿಕ್ಸ್ ಆ್ಯಪಿನಲ್ಲೂ ತೆರೆಯುತ್ತದೆ. ಹತ್ತು ಇಂಚಿನ ಟ್ಯಾಬ್ಲೆಟ್ ಇದ್ದರೆ ಅಕ್ಷರ ಹಿಗ್ಗಿಸದೆ ಓದಬಹುದು. ಜೋಡಿಪುಟದ ನೋಟ ಹಾಕಿಕೊಳ್ಳುವವರು ‘ಮುಖಪುಟ ಬೇರೆಯಾಗಿ’ ಎಂಬ ಆಯ್ಕೆಯನ್ನೂ ಒತ್ತಬೇಕು. ಒತ್ತದಿದ್ದರೆ ಮುಖಪುಟದ ಜೊತೆ ಎರಡನೆಯ ಪುಟ ಸೇರಿಕೊಂಡು, ಅಲ್ಲಿಂದಾಚೆ ಪ್ರತಿ ಜೋಡಿಚಿತ್ರವೂ ಇಬ್ಭಾಗ. ಶುರುಮಾಡಲು ಯಾವ ವಾರವಾದರೂ ಆಗುವುದಿಲ್ಲ. ವರ್ಷಕ್ಕೆ ಕೆಲವು ಸಲ ಎಲ್ಲ ಕಥೆಗಳೂ ಮೊದಲ ಕಂತಿನಿಂದ ಆರಂಭವಾಗುವ ಪ್ರೋಗ್ ಬರುತ್ತದೆ, ಅದನ್ನು ಕಾದು ಹಿಡಿಯಿರಿ. ವರ್ಷಾಂತ್ಯದ ದಪ್ಪ ಸಂಚಿಕೆಯೂ ಸರಿ.

ಬೇರೆ ಪ್ರಕಾಶಕರನ್ನು ಬೇಗ ಮುಟ್ಟಿ ಹೋಗುತ್ತೇನೆ. ಲಂಡನ್ನಿನ ಟೈಟನ್ ‘ಬ್ಲೇಡ್ ರನ್ನರ್ 2019’ ಮಾಲೆ ತಂದಿದೆ, ಸಿನಿಮಾ ನೋಡಿದವರಿಗೆ ಹಿಡಿಸುತ್ತದೆ, ಅದರ ಲಯ ಅಮೆರಿಕದ್ದು. ಅದೇ ಹೆಸರಿನ ಟಿವಿ ಧಾರಾವಾಹಿಗಾಗಿ 1979ರಲ್ಲಿ ಶುರುವಾದ ಡಾಕ್ಟರ್ ಹೂ ಪತ್ರಿಕೆಯಲ್ಲಿ ಮೊದಲಿನಿಂದಲೂ ಚಿತ್ರಕಥೆ ಇದೆ, ಡೇವ್ ಗಿಬನ್ಸ್ ಬರೆದ ಆರಂಭದ ಪುಟಗಳನ್ನು ಸಂಕಲನದಲ್ಲಿ ಹುಡುಕಿ. ಜನರಿಂದ ಮುಂಗಡ ಎತ್ತಿ ಅಚ್ಚುಹಾಕುವ ಸಣ್ಣ ಪ್ರಕಾಶಕರೂ ಇದ್ದಾರೆ. ಅಲ್ಲಿ ಪುಸ್ತಕದ ಬೆಲೆಗಿಂತ ಭಾರತಕ್ಕೆ ಅಂಚೆ ವೆಚ್ಚವೇ ಹೆಚ್ಚಾಗುವುದುಂಟು, ಅದನ್ನು ಕೊನೆಯಲ್ಲಿ ಬೇರೆಯಾಗಿ ಕೇಳುವುದೂ ಉಂಟು. ಪಿಡಿಎಫ್ ಮಾತ್ರದ ಹಂತ ಆರಿಸಿಕೊಳ್ಳಿ.

ಸಭೆಯಲ್ಲಿ ಬರೆಯುವವರೂ ಇರುವುದರಿಂದ ‘ಫ್ಯೂಚರ್ ಶಾಕ್’ ಬಗ್ಗೆ ಹೇಳಿ ಮುಗಿಸುತ್ತೇನೆ. 1977ರಲ್ಲೇ, 25ನೆಯ ಪ್ರೋಗ್‌ನಲ್ಲಿ ಸ್ಟೀವ್ ಮೂರ್ ಇದನ್ನು ಶುರುಮಾಡಿದರು. ಒಂದೇ ವಾರದಲ್ಲಿ ಮುಗಿಯುವ, ಕೊನೆಗೆ ತಿರುವಿರುವ ವೈಜ್ಞಾನಿಕ ಕಥೆ. ಭಯಾನಕವಾದರೆ ‘ಟೆರರ್ ಟೇಲ್’. ಮುಂದೆ ಹೆಸರಾಂತ ಕಾಮಿಕ್ಸ್ ಬರಹಗಾರರಾದ ಅಲನ್ ಮೂರ್ ಕೈ ಪಳಗಿಸಿಕೊಂಡದ್ದು ಇಂಥ ಹತ್ತಾರು ಕಥೆಗಳಲ್ಲಿ. ಹೊಸಬರಿಗೆ ಇವತ್ತಿಗೂ ಪತ್ರಿಕೆಯ ಬಾಗಿಲು ಇದೇ. ಇಂಗ್ಲೆಂಡಿನ ಹ್ಯಾರೊಗೇಟ್‌ನ ‘ಥಾಟ್ ಬಬಲ್’ ಕಾಮಿಕ್ಸ್ ಹಬ್ಬದಲ್ಲಿ ಪತ್ರಿಕೆ ಬರಹಗಾರರನ್ನೂ ಕಲಾವಿದರನ್ನೂ ಹುಡುಕುವ ಸ್ಪರ್ಧೆ ನಡೆಸುತ್ತಾ ಬಂದಿದೆ. ಅಳತೆ ನಾಲ್ಕು ಪುಟ. ಮೊದಲ ಪುಟದಲ್ಲಿ ಲೋಕ ಮತ್ತು ಮನುಷ್ಯ, ಎರಡು ಮೂರರಲ್ಲಿ ಬಿಗಿಯುವ ಗಂಟು, ನಾಲ್ಕರ ಕಡೆಯ ಚೌಕದಲ್ಲಿ ತಿರುವು. ಕೆಡುವುದು ಎಲ್ಲಿ ಅಂದರೆ, ಒಂದೇ ಚೌಕದಲ್ಲಿ ಎರಡು ಕ್ರಿಯೆ ಬರೆಯುವುದರಲ್ಲಿ. ‘ಅವನು ಬಾಗಿಲು ತೆರೆದು ಬಂದೂಕು ಎತ್ತುತ್ತಾನೆ’ ಎಂಬುದನ್ನು ಒಂದು ನಿಶ್ಚಲ ಚಿತ್ರವಾಗಿ ಯಾರೂ ಬರೆಯಲಾರರು, ಅದು ಎರಡು ಚೌಕ. ತಿರುವು ಕೂಡ ಓದುಗನಿಂದ ಬಚ್ಚಿಟ್ಟ ಸಂಗತಿಯಿಂದ ಹುಟ್ಟಬಾರದು. ಮೊದಲ ಪುಟದಲ್ಲೇ ಕಣ್ಣೆದುರು ಇದ್ದದ್ದನ್ನು ಬೇರೆ ಬೆಳಕಿನಲ್ಲಿ ತೋರಿಸಬೇಕು. ಕನಸಾಗಿತ್ತು, ಆಟವಾಗಿತ್ತು, ಅವರೇ ಭೂಮಿಯ ಮೊದಲ ಗಂಡುಹೆಣ್ಣು, ಈ ಮೂರನ್ನೂ ಸಂಪಾದಕರು ಸಾವಿರ ಸಲ ಓದಿರುತ್ತಾರೆ.

ಮಾತಿಗೆ ಅಲನ್ ಮೂರ್ ಪಾಲಿಸಿದ ಅಳತೆ ಒಂದಿದೆ: ಚೌಕಕ್ಕೆ 35 ಪದ, ಆರು ಚೌಕದ ಪುಟಕ್ಕೆ 210, ಅದಕ್ಕಿಂತ ಮೇಲೆ ಬೇಡ. ಇದೇ ರೂಪದಲ್ಲಿ ಕನ್ನಡದಲ್ಲಿ ನಾಲ್ಕು ಪುಟ ಮಾಡಲು ಹೊರಡುವವರು ಆ ಅಂಕಿಯನ್ನು ಹಾಗೇ ತರಬಾರದು. ನಮ್ಮ ಪದಗಳು ಉದ್ದ, ಒತ್ತಕ್ಷರ ಕೆಳಸಾಲಿಗೆ ಇಳಿಯುವುದರಿಂದ ಸಾಲುಗಳ ನಡುವೆ ಜಾಗವೂ ಹೆಚ್ಚು ಬೇಕು, ಗುಳ್ಳೆ ಎತ್ತರಕ್ಕೆ ಬೆಳೆದು ಚಿತ್ರದ ತಲೆಯ ಮೇಲೆ ಕೂರುತ್ತದೆ. ಚೌಕಕ್ಕೆ 20 ಪದದಲ್ಲಿ ನಿಲ್ಲಿಸಿ. ಅಕ್ಷರ ಕೂರಿಸಿದ ಮೇಲೆ ಪುಟವನ್ನು ನಿಜವಾದ ಅಳತೆಯಲ್ಲಿ ಅಚ್ಚು ತೆಗೆದು ಗೋಡೆಗೆ ಅಂಟಿಸಿ ನೋಡಿ. ಮೊದಲು ಮುಖಗಳು ಕಾಣದೆ ಬಿಳಿ ಗುಳ್ಳೆಗಳೇ ಕಂಡರೆ ಇನ್ನೂ ಮೂರನೆಯ ಒಂದು ಭಾಗ ಮಾತು ಕತ್ತರಿಸಬೇಕು.